ಸ್ಕ್ಲೆರೋಡರ್ಮಾ: ಹಾಸನದಿಂದ ಎಲ್ಲಿಗೆ ಹೋಗೋದು?

ಅಮ್ಮನಿಗೆ ಸಿಸ್ಟಮಿಕ್ ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ) ಅಂತ ಹಾಸನದ ಚರ್ಮದ ಡಾಕ್ಟರು ಹೇಳಿದ್ದಾರೆ, ಮುಂದೆ ಎಲ್ಲಿಗೆ ಅಂತ ಕೇಳಿದ್ದೀರಿ. ರುಮಟಾಲಜಿಸ್ಟ್ (ಕೀಲು ಮತ್ತು ಇಂಥ ರೋಗನಿರೋಧಕ ಶಕ್ತಿಯ ತೊಂದರೆಗಳನ್ನು ನೋಡುವ ಡಾಕ್ಟರು) ಹತ್ತಿರ ಹೋಗಿ. ಇದು ಬರೀ ಚರ್ಮದ ಕಾಯಿಲೆ ಅಲ್ಲ, ಶ್ವಾಸಕೋಶ, ಹೃದಯ, ಕಿಡ್ನಿಗೂ ಕೈ ಹಾಕಬಹುದು. ಹಾಗಾಗಿ ಎಲ್ಲ ವಿಭಾಗಗಳೂ ಒಂದೇ ಕಡೆ ಇರುವ ಆಸ್ಪತ್ರೆ ಬೇಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ರುಮಟಾಲಜಿ ವಿಭಾಗವೇ ಇದೆ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ವೆಲ್ಲೂರಿನ ಸಿಎಂಸಿಯಲ್ಲೂ ಇದೆ, ಆದರೆ ಪದೇ ಪದೇ ಅಷ್ಟು ದೂರ ಹೋಗಿಬರೋದು ಕಷ್ಟ ಅಲ್ವಾ?

ಎದೆಯ ಎಚ್‌ಆರ್‌ಸಿಟಿ (ಶ್ವಾಸಕೋಶದ ಸಿಟಿ ಸ್ಕ್ಯಾನ್), ಪಿಎಫ್‌ಟಿ (ಉಸಿರಾಟದ ಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್) ಆಗಿದ್ದರೆ ರಿಪೋರ್ಟ್ ಒಯ್ಯಿರಿ. ಆಗಿಲ್ಲದಿದ್ದರೆ ಸುಮ್ನೆ ಮೊದಲೇ ದುಡ್ಡು ಹಾಕಬೇಡಿ, ಬೇಕಾದ್ದನ್ನು ಅವರೇ ಬರೆಯುತ್ತಾರೆ. ಅಲ್ಲಿಯವರೆಗೆ ಮನೆಯಲ್ಲೇ ಬಿಪಿ ನೋಡುತ್ತಿರಿ. ದಿಢೀರ್ ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು ಬೀಳುತ್ತಿರಬಹುದು. ಆಗ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹಾಸನದಲ್ಲೇ ತುರ್ತು ವಿಭಾಗಕ್ಕೆ ಓಡಿ. ಸ್ಟೀರಾಯ್ಡ್ ಮಾತ್ರೆಯನ್ನಂತೂ ಅವರಿವರ ಮಾತು ಕೇಳಿ ಶುರು ಮಾಡಲೇಬೇಡಿ.