ತೆಂಗಿನ ಗರಿ ಹಳದಿಯಾಗಿದೆ, ಇದು ಹೊಸ ರೋಗವೆಂದು ಗುರುತಿಸುವುದು ಹೇಗೆ?

ಕೆಳಗಿನ ಗರಿಗಳು ಹಳದಿಯಾಗಿವೆ, ಹರಳು (ಎಳೆಯ ಕಾಯಿಗಳು) ಉದುರುತ್ತಿವೆ, ಏನು ಸಿಂಪಡಿಸಲಿ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನನ್ನ ಹನ್ನೊಂದು ಮರಗಳ ಬುಡದಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ.

ಹಳದಿ ಕಂಡ ವಾರದಲ್ಲೇ ಆಳು ಹತ್ತಿಸಿ ಬಣ್ಣಗೆಟ್ಟ ಗರಿಗಳನ್ನೂ ತುದಿ ಕಪ್ಪಾಗಿದ್ದ ಹೊಂಬಾಳೆಗಳನ್ನೂ ಕಡಿಸಿ ಸುಟ್ಟುಬಿಟ್ಟೆ. ತೋಟ ಚೊಕ್ಕಟವಾಯಿತು, ಸಾಕ್ಷ್ಯ ಬೂದಿಯಾಯಿತು. ಮರ ನೋಡಲು ಬಂದ ಸಸ್ಯರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ, ಕಾಯಿ ಮೊದಲು ಉದುರಿತೋ, ಗರಿ ಮೊದಲು ಹಳದಿಯಾಯಿತೋ ಎಂಬುದು. ನನ್ನಲ್ಲಿ ಉತ್ತರವಿರಲಿಲ್ಲ. ತೆಂಗಿನ ರೋಗವನ್ನು ಬಣ್ಣ ನೋಡಿ ಹೇಳಲಾಗದು, ಯಾವ ಭಾಗ ಮೊದಲು ಕೆಟ್ಟಿತು ಎಂಬ ಕ್ರಮ ನೋಡಿ ಹೇಳಬೇಕು. ಪೊಟ್ಯಾಷ್ ಕೊರತೆಯಲ್ಲೂ ಹಳೆಯ ಗರಿಗಳೇ ಮೊದಲು ಕೆಡುತ್ತವೆ, ಆದರೆ ಅಲ್ಲಿ ಕಿತ್ತಳೆ ಚುಕ್ಕೆಗಳು ಮೂಡಿ, ಗರಿ ತುದಿಯಿಂದ ಒಣಗುತ್ತ ಬರುತ್ತದೆ, ಹೊಂಬಾಳೆ ಕಪ್ಪಾಗುವುದಿಲ್ಲ. ಸುಳಿ ಕೊಳೆ ರೋಗದಲ್ಲಿ ಸುಳಿಯೇ ಮೊದಲು ಬಾಡಿ, ಎಳೆದರೆ ಕೆಟ್ಟ ವಾಸನೆಯೊಂದಿಗೆ ಕೈಗೆ ಬರುತ್ತದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಮಾರಕ ಹಳದಿ ರೋಗದಲ್ಲಿ ಹರಳು ಉದುರಿ, ಹೊಂಬಾಳೆ ಕಪ್ಪಾಗಿ, ಹಳದಿ ಕೆಳಗಿನಿಂದ ಮೇಲೇರುತ್ತದೆ. ಈ ಮೂರನ್ನೂ ಬೇರ್ಪಡಿಸಬಹುದಾಗಿದ್ದ ಗುರುತುಗಳನ್ನೇ ನಾನು ಕಡಿಸಿದ್ದೆ. ಊಹೆಯ ಮೇಲೆ ಎರಡು ತಿಂಗಳು ಪೊಟ್ಯಾಷ್ ಹಾಕುತ್ತ ಕೂತೆ. ಅಷ್ಟರಲ್ಲಿ ನಾಲ್ಕು ಮರಗಳ ಸುಳಿ ಮುರಿದು ಬಿದ್ದಿತ್ತು.

ಆದ್ದರಿಂದ ನಿಮ್ಮ ಸಿಂಪಡಣೆಯ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಫೈಟೋಪ್ಲಾಸ್ಮಾ ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯ, ಜಿಗಿಹುಳುವಿನ ಮೂಲಕ ಮರದ ಒಳನಾಳಕ್ಕೆ ಸೇರುವಂಥದ್ದು; ಶಿಲೀಂಧ್ರನಾಶಕ ಅದಕ್ಕೆ ತಾಗುವುದೇ ಇಲ್ಲ. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕವನ್ನು ಕಾಂಡಕ್ಕೆ ಚುಚ್ಚಿದರೂ ಅದು ತಡೆಹಿಡಿಯುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. 2006ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿದ ಲೀಥಲ್ ಬ್ರಾಂಜಿಂಗ್ ಎಂಬ ಹೊಸ ರೋಗ ಹಳೆಯ ಮಾರಕ ಹಳದಿ ರೋಗವನ್ನೇ ಬಹಳಷ್ಟು ಹೋಲುತ್ತದೆ, ಎರಡನ್ನೂ ಖಚಿತವಾಗಿ ಬೇರ್ಪಡಿಸುವುದು ಡಿಎನ್‌ಎ ಪರೀಕ್ಷೆ. ಕಣ್ಣಿಗೆ ಅಷ್ಟೇ ಸಾಮರ್ಥ್ಯ.

ಈಗ ಏನನ್ನೂ ಕಡಿಸಬೇಡಿ. ಕೆಟ್ಟ ಗರಿಗಳಿಗೆ ಬಣ್ಣದ ದಾರ ಕಟ್ಟಿ, ಪ್ರತಿ ವಾರ ಒಂದೇ ಜಾಗದಿಂದ ಸುಳಿ, ಹೊಂಬಾಳೆ, ಗರಿ ಮೂರೂ ಕಾಣುವಂತೆ ಚಿತ್ರ ತೆಗೆದು ದಿನಾಂಕ ಬರೆದಿಡಿ. ಡಿಎನ್‌ಎ ಪರೀಕ್ಷೆಗೆ ಮಾದರಿಯೆಂದು ಒಣಗಿದ ಗರಿ ಕಳುಹಿಸಬೇಡಿ. ನನ್ನದು ಹಾಗೆಯೇ ವಾಪಸು ಬಂದಿತ್ತು. ಜೀವವಿರುವ ಮರದ ಕಾಂಡವನ್ನು ಡ್ರಿಲ್‌ನಿಂದ ಕೊರೆದಾಗ ಬರುವ ಒಳಪುಡಿ ಬೇಕು, ಮತ್ತು ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಡ್ರಿಲ್‌ ಮೊನೆಯನ್ನು ಶುದ್ಧಗೊಳಿಸಬೇಕು. ಔಷಧಿಯ ಮಾತು ಫಲಿತಾಂಶ ಬಂದ ಮೇಲೆ.