ಟ್ಯೂನಾ ಪಾಸ್ತಾ ಬೇಕ್ ಪ್ರತಿ ಸಲ ಯಾಕೆ ಇಟ್ಟಿಗೆ ಆಗುತ್ತೆ?

ನೀವು ಕೇಳಿದ್ದು ಇಷ್ಟು: ಊರು ಬಿಟ್ಟು ಇಂಗ್ಲೆಂಡಿಗೆ ಬಂದು ಆರು ತಿಂಗಳು. ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಮನೆ ಸೇರುವುದು ಸಂಜೆ ಆರಕ್ಕೆ, ಎಂಟಕ್ಕೆ ಮಕ್ಕಳು ಮಲಗಬೇಕು. ಸುಲಭ ಅಂತ ಯಾರೋ ಹೇಳಿದರು ಎಂದು ಎರಡು ಸಲ ಟ್ಯೂನಾ ಪಾಸ್ತಾ ಬೇಕ್ (ಪಾಸ್ತಾ, ಡಬ್ಬಿ ಟ್ಯೂನಾ ಮೀನು, ಹಾಲು ಚೀಸ್‌ನ ಸಾಸ್ ಬೆರೆಸಿ ಓವನ್‌ನಲ್ಲಿಡುವ ಅಡುಗೆ) ಮಾಡಿದಿರಿ, ಎರಡು ಸಲವೂ ಚಾಕು ಹಾಕಿ ಕೊಯ್ಯುವಷ್ಟು ಗಟ್ಟಿಯಾಯ್ತು, ಡಬ್ಬಿ ವಾಸನೆಯೂ ಬಂತು. ಅದರ ಮೇಲೆ ಅತ್ತೆ ಬೇರೆ ಫೋನಿನಲ್ಲಿ, ಮೀನಿಗೆ ಹಾಲು ಹಾಕಬಾರದು, ತೊನ್ನು ಬರುತ್ತೆ ಅಂದಿದ್ದಾರೆ.

ನಾನು ಕುಂದಾಪುರ ಕಡೆಯವಳು, ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ನನ್ನ ಮೊದಲ ಮೂರು ಟ್ರೇಗಳೂ ಇಟ್ಟಿಗೆಯೇ. ತಪ್ಪು ಓವನ್‌ದಲ್ಲ, ಸಾಸ್‌ದು. ಒಲೆಯ ಮೇಲೆ ಸರಿಯಾಗಿದೆ ಅನ್ನಿಸುವ ಸಾಸ್ ಓವನ್‌ನಿಂದ ಹೊರಬರುವ ಹೊತ್ತಿಗೆ ಸಾಲುವುದಿಲ್ಲ. ಪಾಸ್ತಾ ಟ್ರೇಯಲ್ಲಿ ಕೂತು ಹಾಲು ಕುಡಿಯುತ್ತಲೇ ಇರುತ್ತೆ, ಮೇಲಿಂದ ಆವಿಯೂ ಹೋಗುತ್ತೆ. ಹಾಗಾಗಿ ಎಲ್ಲ ಬೆರೆಸಿದಾಗ "ಅಯ್ಯೋ, ಇದು ನೀರಾಯ್ತಲ್ಲ" ಅನ್ನಿಸಬೇಕು. ಸಾಸ್ ಉದ್ದಿನ ದೋಸೆ ಹಿಟ್ಟಿಗಿಂತ ತೆಳು, ನೀರು ದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪ ಇರಲಿ. ಈ ಹದ ಯಾವ ಇಂಗ್ಲಿಷ್ ರೆಸಿಪಿಯಲ್ಲೂ ಬರೆದಿರಲ್ಲ, ಆದರೆ ನಮಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತೆ.

ನಾಲ್ಕು ಜನಕ್ಕೆ ನನ್ನ ಅಳತೆ: 300 ಗ್ರಾಂ ಪೆನ್ನೆ ಅಥವಾ ಫ್ಯುಸಿಲಿ ಪಾಸ್ತಾ, 145 ಗ್ರಾಮಿನ ಎರಡು ಡಬ್ಬಿ ಟ್ಯೂನಾ, 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ (ಇಲ್ಲಿ ಪ್ಲೇನ್ ಫ್ಲೋರ್ ಅಂತ ಸಿಗುವುದೇ ಅದು), 700 ಎಂ.ಎಲ್. ಹಾಲು, 150 ಗ್ರಾಂ ಚೆಡ್ಡರ್ ಚೀಸ್, ಒಂದು ಈರುಳ್ಳಿ, ಒಂದು ಸಣ್ಣ ಡಬ್ಬಿ ಜೋಳ (ಸ್ವೀಟ್‌ಕಾರ್ನ್).

ಮನೆಗೆ ಬಂದ ತಕ್ಷಣ, ಕೋಟು ತೆಗೆಯುವ ಮೊದಲೇ, ಓವನ್ 200 ಡಿಗ್ರಿಗೆ ಹಾಕಿ. ಫ್ಯಾನ್ ಇರುವ ಓವನ್ ಆದರೆ 180 ಸಾಕು. ನೀರನ್ನು ಕೆಟಲ್‌ನಲ್ಲೇ ಕುದಿಸಿ ಪಾತ್ರೆಗೆ ಸುರಿಯಿರಿ, ಒಲೆ ಮೇಲೆ ಕಾಯಿಸುತ್ತಾ ಕೂರಬೇಡಿ. ಪ್ಯಾಕೆಟ್ ಮೇಲೆ 11 ನಿಮಿಷ ಅಂತಿದ್ದರೆ 8ಕ್ಕೇ ಇಳಿಸಿ. ಕಚ್ಚಿದರೆ ನಡುವೆ ಸ್ವಲ್ಪ ಗಟ್ಟಿ ಸಿಗಬೇಕು. ಬಸಿಯುವ ಮೊದಲು ಆ ನೀರು ಒಂದು ಲೋಟ ಎತ್ತಿಡಿ. ಕೊನೆಗೆ ಸಾಸ್ ದಪ್ಪ ಅನ್ನಿಸಿದರೆ ಅದೇ ಆಪದ್ಬಾಂಧವ.

ಪಾಸ್ತಾ ಬೇಯುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಬೆಣ್ಣೆಗೆ ಈರುಳ್ಳಿ ಹಾಕಿ ಮೆತ್ತಗಾಗಿಸಿ. ಮೈದಾ ಸುರಿದು ಒಂದೆರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಿ ಬಿಸ್ಕತ್ತಿನಂಥ ಪರಿಮಳ ಬರಬೇಕು, ಬಣ್ಣ ಬದಲಾಗಬಾರದು. ಇನ್ನು ಹಾಲು. ಮೊದಲ ಸಲ ಅರ್ಧ ಲೋಟ ಮಾತ್ರ. ಎಲ್ಲ ಮುದ್ದೆಯಾಗಿ ತಳ ಬಿಟ್ಟು ಬರುತ್ತೆ, ಹೆದರಬೇಡಿ, ತಿರುವುತ್ತಾ ಇರಿ. ಮುದ್ದೆ ನುಣ್ಣಗಾದ ಮೇಲೆ ಇನ್ನರ್ಧ ಲೋಟ. ಹೀಗೆ ಮೂರು ಸಲ ಆದ ಮೇಲೆ ಉಳಿದದ್ದನ್ನೆಲ್ಲ ಒಟ್ಟಿಗೆ ಸುರಿಯಬಹುದು. ಗಂಟು ಬಿದ್ದೀತು ಅನ್ನುವ ಭಯ ಆ ಮೊದಲ ಮೂರು ಸಲಕ್ಕೆ ಮಾತ್ರ. ಒಂದು ಕುದಿ ಬಂದು ದಪ್ಪವಾದ ಮೇಲೆ ಒಲೆ ಆರಿಸಿ, ಆಮೇಲೆ ಚೀಸ್ ಹಾಕಿ. ಕುದಿಯುವ ಸಾಸ್‌ಗೆ ಹಾಕಿದರೆ ಚೀಸ್ ಒಡೆದು ರವೆ ರವೆಯಾಗುತ್ತೆ. ಮೇಲೆ ಉದುರಿಸಲು ಒಂದು ಹಿಡಿ ಉಳಿಸಿಕೊಳ್ಳಿ. ಒಂದು ಚಮಚ ಸಾಸಿವೆ ಪೇಸ್ಟ್, ಜಾಸ್ತಿಯೇ ಅನ್ನಿಸುವಷ್ಟು ಕರಿಮೆಣಸು. ಇವೆರಡೂ ಇಲ್ಲದಿದ್ದರೆ ಇದು ಆಸ್ಪತ್ರೆ ಊಟ.

ಟ್ಯೂನಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ನಮ್ಮ ಕರಾವಳಿಯಲ್ಲಿ ಕೇದರ ಅಂತ ಮಾರುವ ಮೀನೇ ಇದು. ಆದರೆ ಡಬ್ಬಿಯದು ಆಗಲೇ ಬೆಂದಿರುತ್ತೆ, ಬೇಯಿಸುವ ಕೆಲಸವೇ ಇಲ್ಲ. ಅಂಗಡಿಯಲ್ಲಿ ಮೂರು ಥರ ಇರುತ್ತೆ: ಸ್ಪ್ರಿಂಗ್ ವಾಟರ್, ಬ್ರೈನ್, ಸೂರ್ಯಕಾಂತಿ ಎಣ್ಣೆ. ಬ್ರೈನ್ ಅಂದರೆ ಉಪ್ಪುನೀರು. ನಾನು ನೋಡದೆ ಅದನ್ನೇ ತಂದು, ಪಾಸ್ತಾ ನೀರಿಗೂ ಉಪ್ಪು ಹಾಕಿ, ಮೇಲೆ ಚೆಡ್ಡರ್ ಸುರಿದು, ಕೊನೆಗೆ ಮಕ್ಕಳಿಗೆ ಮೊಸರನ್ನ ಕಲಸಿದ ದಿನವೂ ಇದೆ. ಸ್ಪ್ರಿಂಗ್ ವಾಟರ್‌ದು ತನ್ನಿ. ಡಬ್ಬಿ ತೆರೆದು ಮುಚ್ಚಳವನ್ನು ಮೀನಿನ ಮೇಲೇ ಇಟ್ಟು, ಸಿಂಕ್ ಮೇಲೆ ಬಗ್ಗಿಸಿ ಹೆಬ್ಬೆರಳಲ್ಲಿ ಒತ್ತಿ. ನೀರೆಲ್ಲ ಹೋದ ಮೇಲೆ ಒಂದು ಡಬ್ಬಿಯಲ್ಲಿ ಉಳಿಯುವುದು ಹೆಚ್ಚುಕಮ್ಮಿ 100 ಗ್ರಾಂ. ನೀವು ಹೇಳಿದ ಆ ಡಬ್ಬಿ ವಾಸನೆ ಬಹುಪಾಲು ಆ ನೀರಿನ ಜೊತೆಗೇ ಹೋಗುತ್ತೆ, ಉಳಿದದ್ದಕ್ಕೆ ನಿಂಬೆಸಿಪ್ಪೆ ತುರಿದು ಹಾಕಿ. ಪಾಸ್ತಾ, ಜೋಳ, ಸಾಸ್ ಎಲ್ಲ ಬೆರೆಸಿದ ಮೇಲೆ ಕಟ್ಟಕಡೆಗೆ ಮೀನು ಹಾಕಿ ಎರಡೇ ಸಲ ಮಗುಚಿ. ಜಾಸ್ತಿ ತಿರುವಿದರೆ ಎಳೆ ಎಳೆಯಾಗಿ ಕಳೆದುಹೋಗುತ್ತೆ, ವಾಸನೆ ಮಾತ್ರ ಉಳಿಯುತ್ತೆ.

ಟ್ರೇಗೆ ಸುರಿದು, ಉಳಿಸಿದ ಚೀಸ್ ಹರಡಿ, ಮೇಲೆ ಒಂದು ಹಿಡಿ ಆಲೂ ಚಿಪ್ಸ್ ಪುಡಿ ಮಾಡಿ ಉದುರಿಸಿ. 15 ನಿಮಿಷ ಸಾಕು. ಒಳಗೆ ಎಲ್ಲ ಬೆಂದೇ ಇದೆ, ಓವನ್ ಇರುವುದು ಮೇಲ್ಭಾಗ ಕೆಂಪಾಗಲಿಕ್ಕೆ ಮಾತ್ರ. ನೀವು 40 ನಿಮಿಷ ಇಟ್ಟಿದ್ದೆ ಅಂತ ಬರೆದಿದ್ದೀರಿ, ಇಟ್ಟಿಗೆಗೆ ಅರ್ಧ ಕಾರಣ ಅಲ್ಲೇ ಸಿಕ್ತು.

ಅತ್ತೆಯ ಮಾತಿಗೆ ಬರೋಣ. "ಎಂತ, ಮೀನಿಗೆ ಹಾಲ್ ಹಾಕುದಾ?" ಅಂತ ನನ್ನ ಅಮ್ಮನೂ ಕೇಳಿದ್ದರು. ಅವರು ಸುಮ್ನೆ ಹೇಳುವುದಲ್ಲ, ಚರಕ ಸಂಹಿತೆಯಲ್ಲೇ ಮೀನು ಹಾಲು ಜೊತೆಗೆ ಬೇಡ ಅಂತಿದೆ. ತೊನ್ನು ಬರುತ್ತೆ ಅನ್ನುವುದು ಮಾತ್ರ ನಿಜವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬಿದ್ದಾಗ ಬರುವಂಥದ್ದು ಅದು. ಸ್ಕಾಟ್ಲೆಂಡಿನಲ್ಲಿ ಹೊಗೆ ಹಾಕಿದ ಹ್ಯಾಡಕ್ ಮೀನನ್ನು ಹಾಲಿನಲ್ಲೇ ಬೇಯಿಸಿ ಕಲನ್ ಸ್ಕಿಂಕ್ ಅನ್ನುವ ಸೂಪ್ ಮಾಡ್ತಾರೆ. ಮೀನೋ ಹಾಲೋ ಮೊದಲೇ ಅಲರ್ಜಿ ಇರುವವರ ಮಾತು ಬೇರೆ. ಅಷ್ಟಾಗಿಯೂ ಅತ್ತೆ ಬಂದಾಗ ವಾದ ಬೇಡ ಅನ್ನಿಸಿದರೆ ಹಾಲಿನ ಬದಲು 400 ಗ್ರಾಮಿನ ಟೊಮೆಟೊ ಡಬ್ಬಿ, ಬೆಳ್ಳುಳ್ಳಿ, ಎರಡು ಹಸಿಮೆಣಸು, ಒಂದು ಲೋಟ ಪಾಸ್ತಾ ನೀರು. ಚೀಸ್ ಮೇಲೆ ಅವರು ಏನಂತಾರೋ, ಅದು ನಿಮ್ಮ ಹಣೆಬರಹ.

ಇನ್ನೊಂದು. ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಟ್ಯೂನಾದಲ್ಲಿ ಪಾದರಸ ಇರುವ ಕಾರಣ ವಾರಕ್ಕೆ ನಾಲ್ಕು ಡಬ್ಬಿಗಿಂತ ಹೆಚ್ಚು ಬೇಡ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತೆ. ನೀರು ಬಸಿದ ಮೇಲೆ 140 ಗ್ರಾಂ ಉಳಿಯುವ ಡಬ್ಬಿಯ ಲೆಕ್ಕ ಅದು.

ಉಳಿದರೆ ಆರಿದ ಮೇಲೆ ಫ್ರಿಜ್‌ಗೆ ಹಾಕಿ, ಎರಡು ದಿನದೊಳಗೆ ಮುಗಿಸಿ. ಮರುದಿನ ತೆಗೆದಾಗ ಅದು ಇಟ್ಟಿಗೆ ಆಗೇ ಆಗಿರುತ್ತೆ, ಯಾರು ಮಾಡಿದರೂ ಅಷ್ಟೇ. ಎರಡು ಚಮಚ ಹಾಲು ಸುರಿದು, ಮೇಲೆ ತಟ್ಟೆ ಮುಚ್ಚಿ, ಹಬೆಯಾಡುವ ತನಕ ಮೈಕ್ರೋವೇವ್‌ನಲ್ಲಿಡಿ.