ಭಾರವಿದೆ, ಸೆಳೆತವಿಲ್ಲ

ಪ್ರಶ್ನೆ: ಕಾಸ್ಮಿಕ್ ಸ್ಟ್ರಿಂಗ್ ಎನ್ನುವ ವಿಶ್ವತಂತುವಿನ ಒಂದು ಕಿಲೋಮೀಟರ್ ತುಂಡು ಮಂಗಳ ಗ್ರಹಕ್ಕಿಂತ ಭಾರವಾಗಿರಬಹುದು ಎಂದು ಓದಿದೆ. ಹಾಗಿದ್ದರೆ ಅದು ಅಕ್ಕಪಕ್ಕದ ನಕ್ಷತ್ರಗಳನ್ನೆಲ್ಲ ಎಳೆದುಕೊಳ್ಳಬೇಕಲ್ಲವೇ? ಅಥವಾ ತಂತುವೇ ನಕ್ಷತ್ರದ ಕಡೆಗೆ ಬೀಳುತ್ತದೆಯೇ?
– ಭೌತಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ವಿಶ್ವತಂತುವೆಂದರೆ ಶಕ್ತಿ ದಟ್ಟವಾಗಿ ತುಂಬಿದ, ಅತಿ ತೆಳುವಾದ, ಸದ್ಯಕ್ಕೆ ಊಹೆಯಲ್ಲಷ್ಟೇ ಇರುವ ಎಳೆ. ಆ ತಂತು ನೆಟ್ಟಗಿದ್ದು ಅಲುಗಾಡದೆ ಇದ್ದರೆ ಎರಡು ಪ್ರಶ್ನೆಗೂ ‘ಇಲ್ಲ’ ಎನ್ನುವುದೇ ಉತ್ತರ. ಅದು ಅಲುಗಾಡತೊಡಗಿದರೆ ಉತ್ತರ ಬದಲಾಗುತ್ತದೆ. ಅಲುಗಾಡದ ತಂತು ಸಿಗುವುದೂ ಕಷ್ಟ.

ನಾಚಿಕೆಯ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ನಾನೇ ತಪ್ಪಾಗಿ ಮಾಡಿದ್ದೆ. ಉದ್ದನೆಯ ಭಾರವಾದ ತಂತಿ, ನ್ಯೂಟನ್ನನ ಸೂತ್ರ, ಇಂತಿಷ್ಟು ಸೆಳೆತ ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ತಂತಿಯ ಬಿಗಿತವನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ ಸರ್?” ಎಂದ. ಬಿಗಿತಕ್ಕೂ ಗುರುತ್ವಕ್ಕೂ ಏನು ಸಂಬಂಧ ಎಂದು ಗದರಿಸಿ ಕೂರಿಸಿದೆ. ಆ ರಾತ್ರಿ ಪುಸ್ತಕ ತೆರೆದಾಗ ಹುಡುಗನದೇ ಸರಿ ಎಂದು ಗೊತ್ತಾಯಿತು.

ಐನ್‌ಸ್ಟೈನ್ ಸಿದ್ಧಾಂತದಲ್ಲಿ ದ್ರವ್ಯರಾಶಿಯಷ್ಟೇ ಅಲ್ಲ, ಒತ್ತಡವೂ ಗುರುತ್ವವನ್ನು ಹುಟ್ಟಿಸುತ್ತದೆ. ಬಿಗಿತವೆಂದರೆ ಋಣ ಒತ್ತಡ. ಅದು ದೂರ ತಳ್ಳುವ ಕಡೆಗೆ ಕೆಲಸ ಮಾಡುತ್ತದೆ. ಉಕ್ಕಿನ ತಂತಿಯಲ್ಲಿ ಈ ಪಾಲು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ವಿಶ್ವತಂತುವಿನಲ್ಲಿ ಮಾತ್ರ ಬಿಗಿತವು ಪ್ರತಿ ಮೀಟರಿನಲ್ಲಿ ಅಡಗಿರುವ ಶಕ್ತಿಗೆ ಕರಾರುವಾಕ್ಕಾಗಿ ಸಮ. ಸೆಳೆತ ಮತ್ತು ತಳ್ಳುವಿಕೆ ಒಂದನ್ನೊಂದು ಅಳಿಸಿಹಾಕುತ್ತವೆ. ಇಂಥ ತಂತುಗಳು ವಿಶ್ವದ ಬಾಲ್ಯದಲ್ಲಿ ಹುಟ್ಟಿರಬಹುದು ಎಂದು 1976ರಲ್ಲಿ ಹೇಳಿದವರು ಭೌತವಿಜ್ಞಾನಿ ಟಾಮ್ ಕಿಬಲ್. ಅವುಗಳ ಗುರುತ್ವದ ಈ ವಿಚಿತ್ರವನ್ನು 1981ರಲ್ಲಿ ತೋರಿಸಿದವರು ಇನ್ನೊಬ್ಬ ಭೌತವಿಜ್ಞಾನಿ ಅಲೆಕ್ಸಾಂಡರ್ ವಿಲೆಂಕಿನ್.

ಸೆಳೆತವಿಲ್ಲ ಎಂದ ಮಾತ್ರಕ್ಕೆ ಪರಿಣಾಮವೇ ಇಲ್ಲ ಎಂದಲ್ಲ. ಒಂದು ಕಾಗದವನ್ನು ವೃತ್ತಾಕಾರವಾಗಿ ಕತ್ತರಿಸಿ, ನಡುವಿನಿಂದ ಅಂಚಿನವರೆಗೆ ಸಣ್ಣದೊಂದು ಹೋಳು ತೆಗೆದು, ಉಳಿದ ಅಂಚುಗಳನ್ನು ಅಂಟಿಸಿ. ಶಂಕು ಸಿಗುತ್ತದೆ. ತಂತುವಿನ ಸುತ್ತಲಿನ ಅವಕಾಶ, ಅಂದರೆ ಸ್ಪೇಸ್, ಹೀಗೆಯೇ ಹೋಳು ಕಳೆದುಕೊಂಡಿದೆ. ನೀವು ಓದಿದ ಭಾರದ ತಂತುವಾದರೆ ಹೋಳಿನ ಕೋನ ಸುಮಾರು 5 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯಲ್ಲಿ ಅಂಥವು 3600. ಇಷ್ಟು ಚಿಕ್ಕ ಕೊರತೆ ಸಾಕು. ತಂತು ಬೆಳಕಿನ ಅರ್ಧ ವೇಗದಲ್ಲಿ ಧೂಳಿನ ಮೋಡವನ್ನು ಸೀಳಿಕೊಂಡು ಹೋದರೆ, ಎಡಬಲದ ಕಣಗಳು ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ವೇಗದಲ್ಲಿ ಪರಸ್ಪರ ಸಮೀಪಿಸತೊಡಗುತ್ತವೆ. ದೋಣಿಯ ಹಿಂದೆ ನೀರು ಕೂಡಿಕೊಳ್ಳುವಂತೆ ತಂತುವಿನ ಹಿಂದೆ ದ್ರವ್ಯದ ಹಾಳೆಯೊಂದು ಮೂಡುತ್ತದೆ.

ಇನ್ನು ತಂತುವೇ ಬೀಳುತ್ತದೆಯೇ ಎಂಬುದು. ನನಗೆ ಹೆಚ್ಚು ಇಷ್ಟವಾದ ಭಾಗ ಇದು. ನಕ್ಷತ್ರದ ಬಳಿ ಕಾಲ ನಿಧಾನವಾಗುತ್ತದೆ, ಅವಕಾಶ ಹಿಗ್ಗುತ್ತದೆ. ಮೊದಲನೆಯದು ತಂತುವನ್ನು ಒಳಕ್ಕೆ ಎಳೆದರೆ, ಎರಡನೆಯದು ಬಿಗಿತದ ಮೂಲಕ ಹೊರಕ್ಕೆ ಎಳೆಯುತ್ತದೆ. ಗುರುತ್ವ ದುರ್ಬಲವಾಗಿರುವಲ್ಲಿ ಇವೆರಡೂ ಸರಿಸಮ. ನೆಟ್ಟಗೆ ನಿಂತ ತಂತು ನಕ್ಷತ್ರವನ್ನು ಎಳೆಯುವುದಿಲ್ಲ, ನಕ್ಷತ್ರವೂ ತಂತುವನ್ನು ಎಳೆಯುವುದಿಲ್ಲ, ಲೇವಾದೇವಿ ಚುಕ್ತಾ. ತಂತು ಅಡ್ಡಡ್ಡ ಚಲಿಸಿದರೆ ಈ ಸಮತೋಲ ಕೆಡುತ್ತದೆ, ವೇಗದ ವರ್ಗಕ್ಕೆ ತಕ್ಕಂತೆ ಸೆಳೆತ ಕಾಣಿಸಿಕೊಳ್ಳುತ್ತದೆ. ಆಗ ನಕ್ಷತ್ರದ ಪಕ್ಕ ಹಾದುಹೋಗುವ ತಂತುವಿನ ನಡುಭಾಗ ಆ ಕಡೆಗೆ ವಾಲುತ್ತದೆ. ನಕ್ಷತ್ರ ಹಿಂದೆ ಉಳಿದ ಮೇಲೆ ನಡುಭಾಗ ಮತ್ತೆ ನೆಟ್ಟಗಾಗುತ್ತದೆ, ಆದರೆ ಹಳೆಯ ಸಾಲಿಗೆ ಮರಳುವುದಿಲ್ಲ. ಸರಿದ ಭಾಗವನ್ನೂ ಸರಿಯದ ಭಾಗವನ್ನೂ ಕೂಡಿಸುವ ಎರಡು ಬಾಗುಗಳು ತಂತುವಿನ ಎರಡೂ ದಿಕ್ಕಿಗೆ ಬೆಳಕಿನ ವೇಗದಲ್ಲಿ ಓಡುತ್ತವೆ. ಕಪ್ಪುರಂಧ್ರಕ್ಕೆ ತೀರಾ ಹತ್ತಿರ ಬಂದ ತಂತುವಿಗೆ ಈ ಅದೃಷ್ಟವಿಲ್ಲ, ಅದು ಸಿಕ್ಕಿಹಾಕಿಕೊಳ್ಳುತ್ತದೆ.

ತಂತುವೊಂದು ತನ್ನನ್ನೇ ಅಡ್ಡಹಾಯ್ದಾಗ ತುಂಡಾಗಿ ಮುಚ್ಚಿದ ಕುಣಿಕೆ ಹುಟ್ಟುತ್ತದೆ. ಕುಣಿಕೆ ಸುಮ್ಮನಿರಲಾರದು. ಅದರ ಸರಾಸರಿ ವೇಗ ಬೆಳಕಿನ ವೇಗದ ಸುಮಾರು ಶೇಕಡ 70. ಆ ಓಟದಿಂದಾಗಿ ಬಿಗಿತದ ಪರಿಣಾಮ ಸರಾಸರಿಯಲ್ಲಿ ಅಳಿದುಹೋಗಿ, ದೂರದಿಂದ ನೋಡುವವರಿಗೆ ಕುಣಿಕೆ ಮಾಮೂಲಿ ದ್ರವ್ಯರಾಶಿಯಂತೆಯೇ ಸೆಳೆಯುತ್ತದೆ. ನನ್ನ ಕರಿಹಲಗೆಯ ನ್ಯೂಟನ್ ಇಲ್ಲಿ ಮಾತ್ರ ಪಾಸಾಗುತ್ತಾನೆ! ಕುಣಿಕೆಯ ಗುರುತ್ವ ಅದರ ಮೇಲೂ ಸೇಡು ತೀರಿಸಿಕೊಳ್ಳುತ್ತದೆ. ಒಂದು ಜ್ಯೋತಿರ್ವರ್ಷ ಉದ್ದದ ಕುಣಿಕೆ ಆರು ತಿಂಗಳಿಗೊಮ್ಮೆ ಒಂದು ಆವರ್ತನ ಮುಗಿಸುತ್ತಾ, ಗುರುತ್ವ ತರಂಗಗಳನ್ನು ಚೆಲ್ಲುತ್ತಾ ಕುಗ್ಗುತ್ತದೆ. ತರಂಗಗಳು ಒಂದು ಪಕ್ಕಕ್ಕೆ ಹೆಚ್ಚು ಹೊರಟರೆ ಕುಣಿಕೆ ರಾಕೆಟ್ಟಿನಂತೆ ಎದುರು ದಿಕ್ಕಿಗೆ ಚಿಮ್ಮುತ್ತದೆ. ಅದರ ಆಯುಷ್ಯ ಸುಮಾರು 20,000 ವರ್ಷ.

ನೀವು ಓದಿದ ತೂಕ 1980ರ ದಶಕದ ಅಂದಾಜು. ವಿಶ್ವದ ಬಾಲ್ಯದಿಂದ ಉಳಿದುಬಂದ ಮಂದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ 2013ರ ಫಲಿತಾಂಶಗಳು ಅಷ್ಟು ಭಾರದ ತಂತುಗಳಿಗೆ ಜಾಗವನ್ನೇ ಬಿಡಲಿಲ್ಲ. ಯಾವ ತಂತುವೂ ಇದುವರೆಗೆ ಕಂಡಿಲ್ಲ. ಹಗುರವಾದವಕ್ಕೆ ಅವಕಾಶ ಇನ್ನೂ ಇದೆ. ತಂತು ಹತ್ತು ಸಾವಿರ ಪಟ್ಟು ಹಗುರವಾದರೆ ಅದೇ ಉದ್ದದ ಕುಣಿಕೆ ಅಷ್ಟೇ ಪಟ್ಟು ಹೆಚ್ಚು, ಅಂದರೆ ಸುಮಾರು 20 ಕೋಟಿ ವರ್ಷ ಬಾಳುತ್ತದೆ. ಅಂಥ ದೀರ್ಘಾಯುಷಿ ಕುಣಿಕೆಗಳು ಚೆಲ್ಲುವ ಗುರುತ್ವ ತರಂಗಗಳ ಗುಂಯ್ ಎನ್ನುವ ಸದ್ದನ್ನು, ಗಡಿಯಾರದಂತೆ ಕ್ರಮವಾಗಿ ಮಿಡಿಯುವ ಪಲ್ಸಾರ್ ಎಂಬ ನಕ್ಷತ್ರಗಳ ಮಿಡಿತದಲ್ಲಿ ಈಗ ಹುಡುಕುತ್ತಿದ್ದಾರೆ.